ದವಡೆಯ ಮೂರನೆಯ ಎಳೆ

ನಾನು ಒಂದು ಸ್ನಾಯು. ಬಲಗಡೆಯವನು. ಇನ್ನೂ ಹತ್ತಿರ ಬರಬೇಡಿ, ಗಾಜಿನ ಆಚೆಯೇ ನಿಂತು ಕೇಳಿ. ಇದುವರೆಗೆ ನನ್ನ ಹತ್ತಿರ ಬಂದವರೆಲ್ಲ ಕೈಯಲ್ಲಿ ಏನಾದರೊಂದು ಹತಾರ ಹಿಡಿದೇ ಬಂದಿದ್ದಾರೆ. ನಿಮ್ಮ ಕೈಯಲ್ಲಿ ಏನಿದೆಯೋ ನನಗೇನು ಗೊತ್ತು?

ನನ್ನಂಥವರು ನಿಮ್ಮಲ್ಲೂ ಇಬ್ಬರಿದ್ದಾರೆ. ನಂಬಿಕೆ ಬರದಿದ್ದರೆ ಕಿವಿಯ ಮುಂದೆ ಬೆರಳಿಟ್ಟು ಬಾಯಿ ಅಗಲ ಮಾಡಿ ನೋಡಿ. ಬೆರಳಿನ ಕೆಳಗೆ ಒಂದು ಗುಂಡನೆಯ ಮೂಳೆ ಮುಂದಕ್ಕೆ ಜಾರುತ್ತದೆಯಲ್ಲ, ಅದನ್ನು ಎಳೆಯುವುದೇ ನನ್ನ ಕೆಲಸ. ಬಾಯಿ ತೆರೆಯುವುದು, ಕೆಳದವಡೆಯನ್ನು ಮುಂದಕ್ಕೆ ಚಾಚುವುದು, ಅಗಿಯುವಾಗ ಆಚೆ ಈಚೆ ಹೊರಳಿಸುವುದು, ಎಲ್ಲವೂ ನಮ್ಮದೇ. ಆದರೆ ಹೆಸರು ಬರುವುದು ಕೆನ್ನೆಯ ಮೇಲಿನ ದೊಡ್ಡ ಸ್ನಾಯುವಿಗೆ. ಹಲ್ಲು ಕಚ್ಚಿದರೆ ಉಬ್ಬಿ ನಿಲ್ಲುತ್ತಾನೆ, ಜನ ಮುಟ್ಟಿ ನೋಡಿ ಭೇಷ್ ಅನ್ನುತ್ತಾರೆ. ನಾನು ತೆರೆದದ್ದನ್ನು ಮುಚ್ಚುವುದೊಂದೇ ಅವನಿಗೆ ಗೊತ್ತಿರುವ ವಿದ್ಯೆ. ಅವನನ್ನು ನಾನು ಯಾವತ್ತೂ ನಂಬಿದವನಲ್ಲ.

ಡಾಕ್ಟರುಗಳು ನನಗೆ ಇಟ್ಟ ಹೆಸರು ಲ್ಯಾಟರಲ್ ಟೆರಿಗಾಯ್ಡ್. ಬಾಯಿ ತೆರೆಯುವವನಿಗೆ ಬಾಯಿ ತಿರುಗದ ಹೆಸರು! ಬೇಕೆಂದೇ ಇಟ್ಟಿರಬೇಕು.

ನಾನು ರೂಪುಗೊಂಡದ್ದು ರಾಣೆಬೆನ್ನೂರಿನ ಭಜಂತ್ರಿ ಓಣಿಯ ಒಬ್ಬ ತಾಯಿಯ ಹೊಟ್ಟೆಯಲ್ಲಿ. ಆ ಕೂಸಿಗೆ ಆಮೇಲೆ ಮೈಲಾರಪ್ಪ ಎಂದು ಹೆಸರಿಟ್ಟರು. ಅವನ ಬಲಗಡೆ ನಾನು, ಎಡಗಡೆ ನನ್ನ ಜೋಡಿ. ನಮ್ಮ ಕುಲದವರಿಗೆ ಸಾಧಾರಣವಾಗಿ ಎರಡು ಎಳೆ. ಮೇಲಿನ ಎಳೆ ತಲೆಬುರುಡೆಯ ತಳದಿಂದ ಹೊರಡುತ್ತದೆ, ಕೆಳಗಿನದು ಅಂಗುಳಿನ ಹಿಂದಿನ ಒಂದು ತೆಳು ಮೂಳೆಯಿಂದ. ಎರಡೂ ಹಿಂದಕ್ಕೆ ಬಂದು ದವಡೆಯ ಕೀಲನ್ನು ಹಿಡಿದುಕೊಳ್ಳುತ್ತವೆ. ಆ ಕೀಲಿನ ನಡುವೆ, ಮೂಳೆಗೆ ಮೂಳೆ ತಿಕ್ಕದಿರಲಿ ಎಂದು, ಒಂದು ಮೆದು ಬಿಲ್ಲೆ ಇರುತ್ತದೆ. ಮೈಲಾರಪ್ಪನಲ್ಲಿ ಮಾತ್ರ ನಮಗೆ ಇನ್ನೊಂದು ಎಳೆ ಇತ್ತು. ಒಳಮಗ್ಗುಲಿನಿಂದ ತೆಳ್ಳಗೆ ಹೊರಟು ನೇರ ಹೋಗಿ ಆ ಬಿಲ್ಲೆಗೆ ಅಂಟಿಕೊಂಡ ಮೂರನೆಯ ಎಳೆ. ಯಾಕೆ ಹಾಗಾಯಿತು ಎಂದು ಕೇಳಬೇಡಿ. ಕೆಲವರಿಗೆ ಆರು ಬೆರಳಿರುವುದಿಲ್ಲವೇ, ಹಾಗೆ. ಒಂದೇ ವ್ಯತ್ಯಾಸ, ಆರನೆಯ ಬೆರಳನ್ನು ಊರೆಲ್ಲ ನೋಡುತ್ತದೆ. ನಮ್ಮ ಮೂರನೆಯ ಎಳೆಯನ್ನು ನೋಡುವವರು ಯಾರು?

ಮೈಲಾರಪ್ಪ ಬೆಳೆದು ಬ್ಯಾಂಡ್ ಕಂಪನಿಯಲ್ಲಿ ಟ್ರಂಪೆಟ್ ಊದುವವನಾದ. ಟ್ರಂಪೆಟ್ ಊದಬೇಕಾದರೆ ಕೆಳದವಡೆಯನ್ನು ಒಂದಿಷ್ಟು ಮುಂದೆ ತಂದು, ಮೇಲಿನ ಹಲ್ಲಿಗೆ ಕೆಳಗಿನ ಹಲ್ಲನ್ನು ಸಮ ಮಾಡಿ, ಆಮೇಲೆ ತುಟಿ ಇಡಬೇಕು. ಮುಂದೆ ತರುವವರು ಯಾರು? ನಾವು. ಊದುವವರಿಗೆ ಉಸಿರಿನದೇ ದೊಡ್ಡಸ್ತಿಕೆ. ನಾವು ಜಗ್ಗದಿದ್ದರೆ ಆ ಉಸಿರು ಪುಸ್ ಎಂದು ಹೋಗುತ್ತಿತ್ತು ಅನ್ನುವುದು ಅವರ ಅರಿವಿಗೇ ಬರುವುದಿಲ್ಲ.

ಮದುವೆ ಮನೆಗಳನ್ನು ನಾನು ಕಂಡಿಲ್ಲ, ಕೇಳಿದ್ದೇನೆ. ಕಿವಿಯ ಪಕ್ಕದಲ್ಲೇ ನನ್ನ ಮನೆ, ನಡುವೆ ತೆಳ್ಳನೆಯ ಮೂಳೆ. ಬೀಗರನ್ನು ಎದುರುಗೊಳ್ಳಲು ಬ್ಯಾಂಡ್ ಮೊದಲು ಬೇಕು, ಊಟಕ್ಕೆ ಮಾತ್ರ ಬ್ಯಾಂಡಿನವರು ಕಡೆಗೆ. "ನೀವು ಆಮ್ಯಾಲೆ ಕುಂದ್ರಿ" ಎಂಬ ಮಾತು ಪ್ರತಿ ಮದುವೆಯಲ್ಲೂ ಬರುತ್ತಿತ್ತು. ಅಷ್ಟು ಹೊತ್ತಿಗೆ ಹೋಳಿಗೆ ಆರಿ ಚರ್ಮವಾಗಿರುತ್ತಿತ್ತು. ಅದನ್ನು ಅಗಿಯುವ ಕರ್ಮವೂ ನಮ್ಮದೇ. ಮೈಲಾರಪ್ಪ ಮಾತಾಡದೆ ಅಗಿಯುತ್ತಿದ್ದ, ಆದರೆ ಅವನು ಹಲ್ಲು ಎಷ್ಟು ಬಿಗಿ ಹಿಡಿಯುತ್ತಿದ್ದ ಎಂಬುದು ನನಗೆ ಗೊತ್ತು.

ಎಷ್ಟೋ ವರ್ಷ ಹೀಗೆ ನಡೆದ ಮೇಲೆ ಆ ಸದ್ದು ಶುರುವಾಯಿತು. ದವಡೆ ಮುಂದೆ ಬರುವಾಗ ಕಿವಿಯ ಮುಂದೆ ಟಕ್. ಟ್ರಂಪೆಟ್ಟಿನ ಮೊದಲ ಸ್ವರಕ್ಕೆ ಮೊದಲು ಟಕ್. ಆಕಳಿಸಿದರೆ ಟಕ್. ಮೂರನೆಯ ಎಳೆ ಬಿಲ್ಲೆಯನ್ನು ತುಸು ಮುಂದಕ್ಕೆ ಎಳೆದು ಇಟ್ಟುಕೊಳ್ಳುತ್ತಿತ್ತು, ಮೂಳೆ ಜಾರಿ ಬಂದು ಅದರ ಮೇಲೆ ಹತ್ತುವಾಗ ಸದ್ದು. ಇಷ್ಟೇ ಸಂಗತಿ. ನೋವೇನೂ ಇರಲಿಲ್ಲ. ಆದರೂ ಮೈಲಾರಪ್ಪ ನನ್ನ ಹಾಗೆಯೇ ಅನುಮಾನದ ಪ್ರಾಣಿ. ಒಳಗೆ ಏನೋ ಇದೆ ಎಂದು ಹಲ್ಲಿನ ಡಾಕ್ಟರ ಹತ್ತಿರ ಹೋದ.

ಆ ಡಾಕ್ಟರ ಕಿರುಬೆರಳು ಮೇಲಿನ ದವಡೆಯ ಹಿಂದೆ ತೂರಿ ಬಂತು. "ಇದೇ ನೋಡಪ್ಪ, ಈ ಸ್ನಾಯುನೇ ಬಿಗಿಯಾಗಿರೋದು. ಒತ್ತಿದರೆ ನೋವಾಗುತ್ತಾ?"

"ಅಷ್ಟ ಜೋರ ಒತ್ತಿದ್ರ ಯಾರಿಗ ನೋವಾಗಂಗಿಲ್ರಿ?" ಅಂದ ಮೈಲಾರಪ್ಪ.

ಬೆರಳು ಒತ್ತಿದ್ದು ನನ್ನನ್ನಲ್ಲ, ನನ್ನ ನೆರೆಯವನನ್ನು! ನನ್ನ ತನಕ ಬೆರಳು ಬರುವುದಿಲ್ಲ ಸ್ವಾಮಿ, ದಾರಿ ಅಷ್ಟು ಇಕ್ಕಟ್ಟು. ನನ್ನನ್ನು ಮುಟ್ಟಿದೆ ಎನ್ನುವವರನ್ನು ಸುಮ್ಮನೆ ನಂಬಬೇಡಿ. ಆಮೇಲೆ ಆ ಪುಣ್ಯಾತ್ಮ ಹಿಂದಿನ ಒಂದು ಹಲ್ಲೇ ಎಲ್ಲದಕ್ಕೂ ಮೂಲ ಎಂದು ಅದನ್ನು ಕಿತ್ತ. ಗಟ್ಟಿಮುಟ್ಟಾದ ಹಲ್ಲು. ಹತ್ತಿ ಕಚ್ಚಿಕೊಂಡು ಮನೆಗೆ ಬಂದ ಮೈಲಾರಪ್ಪ ಸಂಜೆ ಹತ್ತಿ ಉಗುಳಿ ಬಾಯಿ ತೆರೆದ. ಟಕ್.

ಅವನಿಗೆ ಒಬ್ಬಳೇ ಮಗಳು, ನೀಲವ್ವ. ಅಪ್ಪನ ಪಕ್ಕ ಕೂತು ಟ್ರಂಪೆಟ್ ಕಲಿತಳು. "ಹೆಣ್ಣ ಹುಡುಗಿ ಮೆರವಣಿಗ್ಯಾಗ ಊದ್ತಾಳನ?" ಎಂದು ಓಣಿಯವರು ಆಡಿಕೊಂಡರು. ಮೈಲಾರಪ್ಪ ಜಗ್ಗಲಿಲ್ಲ. ಒಂದು ದಿನ ಅವಳು ಅವನ ಕಿವಿಯ ಹತ್ತಿರವೇ ಟ್ರಂಪೆಟ್ ಎತ್ತಿಕೊಂಡಾಗ ಸ್ವರಕ್ಕೆ ಮೊದಲು ಒಂದು ಸಣ್ಣ ಸದ್ದು ನನಗೂ ಕೇಳಿತು, ಅವನಿಗೂ ಕೇಳಿತು.

"ನಿನಗೂ ಐತೇನ ನೀಲಿ?"

"ಏನಪಾ?"

"ಟಕ್ ಅಂತೈತಲ್ಲ, ಅದು."

"ಅಯ್ಯ, ಅದು ಮೊದಲಿಂದನೂ ಐತಿ. ನಿನ್ನ ಮಗಳಲ್ಲೇನ ನಾನು?" ಎಂದು ಅವಳು ನಕ್ಕಳು.

ಅವನು ನಗಲಿಲ್ಲ. ತನ್ನ ಹಲ್ಲು ಹೋದದ್ದಕ್ಕೆ ಅವನಿಗೆ ಬೇಸರವಿರಲಿಲ್ಲ, ನಾಳೆ ಮಗಳ ಬಾಯಿಗೂ ಯಾರೋ ಗೊತ್ತಿಲ್ಲದವರು ಕೈ ಹಾಕಿ ಏನಾದರೂ ಕೀಳುತ್ತಾರೆ ಎಂಬ ಹೆದರಿಕೆ ಅವನನ್ನು ಹಿಡಿಯಿತು. ಆ ಹೆದರಿಕೆಯಲ್ಲೇ ಅವನು ಯಾರೂ ಎಣಿಸದ ಕೆಲಸ ಮಾಡಿದ. ಸತ್ತ ಮೇಲೆ ತನ್ನ ದೇಹ ವೈದ್ಯಕೀಯ ಕಾಲೇಜಿಗೆ ಎಂದು ಬರೆದುಕೊಟ್ಟ.

ನೀಲವ್ವ ಅತ್ತಳು. "ನಮ್ಮ ಮಂದಿಗೆ ಮಣ್ಣ ಕೊಟ್ಟ ರೂಢಿ ಐತಿ. ನಿನ್ನ ಕೊಯ್ಯಾಕ ಹೆಂಗ ಕೊಡ್ಲಿ ನಾನು?"

"ಹುಚ್ಚಿ, ಜೀವ ಇದ್ದಾಗ ಯಾರೂ ಹೇಳಲಿಲ್ಲ ಇದು ಏನಂತ. ಸತ್ತ ಮ್ಯಾಲರೆ ಬಿಚ್ಚಿ ನೋಡ್ಲಿ. ಬಲಗಡಿ ದವಡಿ ಚಲೋತ್ನಾಗಿ ನೋಡ್ರಿ ಅಂತ ಹೇಳು. ನನ್ನದು ತಿಳದ್ರ ನಿನ್ನದೂ ತಿಳಿತೈತಿ."

ಅವನು ಹೋದ ದಿನ ಅವಳು ಕೊಟ್ಟ ಮಾತಿನಂತೆ ನಡೆದಳು. ಕಾಲೇಜಿನ ಬಾಗಿಲಲ್ಲಿ ದೇಹ ಇಳಿಸಿಕೊಂಡವರಿಗೆ, "ಬಲಗಡಿ ದವಡಿ ನೋಡ್ರಿ, ಟಕ್ ಅಂತಿತ್ತು ಅಂತ ದೊಡ್ಡ ಡಾಕ್ಟರಿಗೆ ಹೇಳ್ರಿ" ಎಂದು ಕೈ ಮುಗಿದು ಹೇಳಿದಳು. ಅವರು ಹ್ಞೂಂ ಅಂದರು. ನನಗೆ ಆಗಲೇ ಅನುಮಾನ ಬಂತು. ಅಷ್ಟು ಬೇಗ ಹ್ಞೂಂ ಅಂದವರು ಏನನ್ನೂ ಕೇಳಿಸಿಕೊಂಡಿರುವುದಿಲ್ಲ.

ಅನುಮಾನ ನಿಜವಾಯಿತು. ಅಲ್ಲಿ ಒಂದು ಪದ್ಧತಿ ಇದೆ. ದೇಹ ಒಳಗೆ ಬಂದ ಮೇಲೆ ಅದಕ್ಕೆ ಹೆಸರಿಲ್ಲ, ಊರಿಲ್ಲ, ಒಂದು ನಂಬರು ಮಾತ್ರ. ಗೌರವಕ್ಕಾಗಿಯೇ ಹಾಗೆ ಮಾಡುತ್ತಾರಂತೆ, ಇರಲಿ. ಆದರೆ ಹೆಸರು ಅಳಿಸುವಾಗ ಹೆಸರಿನ ಜೊತೆಗೆ ಬಂದ ಮಾತೂ ಅಳಿಸಿಹೋಯಿತು. ಮೈಲಾರಪ್ಪ ಯಾತಕ್ಕೆ ಬಂದಿದ್ದನೋ ಆ ಒಂದು ಮಾತು ಬಾಗಿಲಿನಿಂದ ಮೇಜಿನ ತನಕ ಬರಲಿಲ್ಲ.

ಮೇಜಿನ ಮೇಲೆ ಮೊದಲು ಎಡಗಡೆ ಕೊಯ್ದರು. ಹುಡುಗ ಹುಡುಗಿಯರು ಪುಸ್ತಕ ತೆರೆದಿಟ್ಟುಕೊಂಡು ಬಗ್ಗಿ ನಿಂತಿದ್ದರು. ಪುಸ್ತಕದ ಚಿತ್ರದಲ್ಲಿ ಎರಡೇ ಎಳೆ. ಅವರ ಭಾಷೆಯಲ್ಲಿ ಎಳೆಗೆ ಹೆಡ್ ಅನ್ನುತ್ತಾರೆ.

"ಇದೊಂದು ಎಕ್ಸ್‌ಟ್ರಾ ಇದೆಯಲ್ಲೋ."

"ಪುಸ್ತಕದಲ್ಲಿ ಇಲ್ಲ. ಕೊಬ್ಬೋ ಏನೋ ಇರಬೇಕು. ಕ್ಲೀನ್ ಮಾಡು, ಸರ್ ಬರ್ತಾರೆ."

ಕ್ಲೀನ್ ಮಾಡುವುದು! ಅಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಚಿತ್ರದ ಹಾಗೆ ಕಾಣುವ ತನಕ ಕೆರೆಯುವುದು, ಚಿತ್ರದಲ್ಲಿ ಇಲ್ಲದ್ದು ಬಕೆಟ್ಟಿಗೆ. ನನ್ನ ಜೋಡಿಯ ಮೂರನೆಯ ಎಳೆ ಬಕೆಟ್ಟಿಗೆ ಬಿತ್ತು. ಪ್ರೊಫೆಸರ್ ಬೆಟಗೇರಿ ಬಂದು ನೋಡಿ, "ಬ್ಯೂಟಿಫುಲ್, ಥೇಟ್ ಪುಸ್ತಕದ ಹಾಗಿದೆ" ಎಂದು ಬೆನ್ನು ತಟ್ಟಿ ಹೋದರು. ನನ್ನ ಜೋಡಿಗೆ ಕೂಗಲು ಬಾಯಿ ಇರಲಿಲ್ಲ, ಬಾಯಿ ತೆರೆಯುವವನೇ ಅವನಾಗಿದ್ದರೂ.

ನಂತರ ನನ್ನ ಸರದಿ. ಬಲಗಡೆ ಮ್ಯೂಸಿಯಮ್ಮಿಗೆ ಇಡಬೇಕು ಎಂದು ವಿಶಾಲಾಕ್ಷಿ ಎಂಬ ಎಂ.ಡಿ. ಓದುವ ಹುಡುಗಿಗೆ ಒಪ್ಪಿಸಿದರು. ಕೊಯ್ಯುವ ಮೊದಲು ಅವಳು ಮೈಲಾರಪ್ಪನ ಮುಖವನ್ನು ಬಹಳ ಹೊತ್ತು ನೋಡಿದಳು. ನನಗೆ ಅದೂ ಸರಿಬರಲಿಲ್ಲ. ಕೊಯ್ಯುವವರು ಮುಖ ಯಾಕೆ ನೋಡಬೇಕು?

"ಸರ್, ಈ ತುಟಿ ನಡುವೆ ಉಂಗುರದ ಥರ ಗುರುತಿದೆ. ಏನಿರಬಹುದು?"

"ಯಾವುದೋ ಹಳೇ ಗಾಯ. ಮುಂದೆ ಹೋಗಮ್ಮ" ಅಂದರು ಬೆಟಗೇರಿ.

ಅವಳು ಮುಂದೆ ಹೋದಳು, ಆದರೆ ನಿಧಾನವಾಗಿ. ಕೆನ್ನೆಯ ದೊಡ್ಡ ಸ್ನಾಯುವನ್ನು ಮಡಿಸಿ ಪಕ್ಕಕ್ಕಿಟ್ಟಳು (ಅವನ ದೊಡ್ಡಸ್ತಿಕೆ ಅಲ್ಲಿಗೆ ಮುಗಿಯಿತು), ಅಡ್ಡವಿದ್ದ ಮೂಳೆಯನ್ನು ಗರಗಸದಿಂದ ತೆಗೆದಳು, ಆಗ ಮೊದಲ ಬಾರಿಗೆ ನನ್ನ ಮೇಲೆ ಬೆಳಕು ಬಿತ್ತು. ಅವಳ ಚಿಮಟ ಮೂರನೆಯ ಎಳೆಯ ಹತ್ತಿರ ಬಂದು ನಿಂತಿತು. ಸರಿ, ಬಕೆಟ್ಟು ಎಲ್ಲಿದೆ ಎಂದು ನಾನು ಕಾಯುತ್ತಿದ್ದೆ.

"ಸರ್, ಇಲ್ಲಿ ಮೂರು ಹೆಡ್ ಇವೆ."

"ಎರಡು ಕಣಮ್ಮ. ಬೆಳಗ್ಗೆ ಎಡಗಡೆ ನೋಡಲಿಲ್ವಾ? ಕ್ಲೀನ್ ಮಾಡು."

"ಆಯ್ತು ಸರ್" ಅಂದಳು. ಹತ್ತಿಯಿಂದ ಸುತ್ತಲೂ ಒರೆಸಿದಳು, ಚಿಮಟ ತೊಳೆದಿಟ್ಟಳು. ಎಳೆಯನ್ನು ಮುಟ್ಟಲಿಲ್ಲ. ಇದರಲ್ಲೇನೋ ಒಳಸಂಚಿದೆ, ನಾಳೆ ಬಂದು ಕತ್ತರಿಸುತ್ತಾಳೆ ಎಂದುಕೊಂಡೆ. ನಾಳೆಯೂ ಬಂದಳು, ಮುಟ್ಟಲಿಲ್ಲ. ನನ್ನನ್ನು ಗಾಜಿನ ಜಾಡಿಯಲ್ಲಿ ನಿಲ್ಲಿಸಿ, ಕೊಳೆಯದಿರಲಿ ಎಂದು ಫಾರ್ಮಲಿನ್ ದ್ರವ ತುಂಬಿದರು. ಜಾಡಿಯ ಮೇಲೆ ಬೆಟಗೇರಿ ಸ್ವತಃ ಬರೆದ ಚೀಟಿ ಅಂಟಿಸಿದರು: ಲ್ಯಾಟರಲ್ ಟೆರಿಗಾಯ್ಡ್, ಎರಡು ಹೆಡ್‌ಗಳು.

ಅಲ್ಲಿಂದ ಮುಂದೆ ನಾನು ಪರೀಕ್ಷೆಗೆ ಕೂರುವ ಮಕ್ಕಳ ಸೊತ್ತಾದೆ. ಗಂಟೆ ಹೊಡೆದಾಗ ಒಬ್ಬೊಬ್ಬರೇ ಜಾಡಿಯ ಮುಂದೆ ಬಂದು ನಿಲ್ಲುತ್ತಾರೆ, ನನ್ನನ್ನು ನೋಡುತ್ತಾರೆ, ಚೀಟಿ ಮುಚ್ಚಿದ್ದರೂ ಎರಡು ಎಂದೇ ಬರೆಯುತ್ತಾರೆ. ಕಣ್ಣೆದುರು ಮೂರು ಕಾಣುತ್ತಿರುವಾಗ! ಒಬ್ಬ ಮಾತ್ರ ಮೂರು ಎಂದು ಬರೆದು, ಆಚೆ ಈಚೆ ನೋಡಿ, ಹೊಡೆದುಹಾಕಿ ಎರಡು ಮಾಡಿದ. ಅವನಿಗೆ ಪೂರ್ತಿ ಅಂಕ ಬಂದಿರಬೇಕು.

ವರ್ಷಕ್ಕೊಮ್ಮೆ ದೇಹದಾನಿಗಳ ಸ್ಮರಣೆಯ ದಿನ ಮಾತ್ರ ಬೇರೆ ಥರದ ಜನ ಬರುತ್ತಿದ್ದರು. ದಾನಿಗಳ ಮನೆಯವರನ್ನು ಕರೆದು, ದೀಪ ಹಚ್ಚಿ, ಹೂ ಹಾಕಿ, ಮಕ್ಕಳಿಂದ ಪ್ರತಿಜ್ಞೆ ಮಾಡಿಸುತ್ತಾರೆ. ಆ ದಿನ ಮ್ಯೂಸಿಯಮ್ಮಿನ ಹೊರಗಿನ ಪಡಸಾಲೆಯಲ್ಲಿ ನನಗೆ ಗೊತ್ತಿದ್ದ ಸದ್ದು ಕೇಳುತ್ತಿತ್ತು. ಮೊದಲು ಟಕ್, ಆಮೇಲೆ ಟ್ರಂಪೆಟ್. ನೀಲವ್ವ! ಮೈಲಾರಪ್ಪ ಬೀಗರನ್ನು ಎದುರುಗೊಳ್ಳಲು ಊದುತ್ತಿದ್ದ ಅದೇ ರಾಗವನ್ನು ಅವಳು ಅಪ್ಪನಿಗೆ ಎಂದು ಊದಿ ಹೋಗುತ್ತಿದ್ದಳು. ನನ್ನ ಎಳೆಗಳಲ್ಲಿ ಜೀವ ಇರಲಿಲ್ಲ, ಆದರೂ ಆ ಹೊತ್ತಿನಲ್ಲಿ ಜಗ್ಗಬೇಕು ಅನ್ನಿಸುತ್ತಿತ್ತು. ಅಪ್ಪ ಜಾಡಿಯಲ್ಲಿ ಇಲ್ಲೇ ಇದ್ದಾನೆ ಎಂದು ಅವಳಿಗೆ ಯಾರೂ ಹೇಳಲಿಲ್ಲ. ಹೇಳಲು ಯಾರಿಗೂ ಗೊತ್ತಿರಲೂ ಇಲ್ಲ.

ಒಂದು ವರ್ಷ ಟ್ರಂಪೆಟ್ ಕೇಳಲಿಲ್ಲ. ದೀಪ ಹಚ್ಚಿದ್ದಾಯಿತು, ಭಾಷಣ ಮುಗಿಯಿತು, ರಾಗ ಇಲ್ಲ. ನನ್ನ ತಲೆ ಕೆಟ್ಟುಹೋಯಿತು. ಸ್ವಲ್ಪ ಹೊತ್ತಿಗೆ ಜನರ ಜೊತೆ ಅವಳೂ ಮ್ಯೂಸಿಯಮ್ಮಿನೊಳಗೆ ಬಂದಳು. ಕೈ ಖಾಲಿ. ಬಲಗೆನ್ನೆಗೆ ಸೆರಗು ಒತ್ತಿ ಹಿಡಿದಿದ್ದಳು.

ಬಂದವರನ್ನು ಮಾತಾಡಿಸುತ್ತಿದ್ದ ಮೇಡಮ್ಮಿನ ದನಿ ನನಗೆ ಗುರುತು ಸಿಕ್ಕಿತು. ಅದೇ ವಿಶಾಲಾಕ್ಷಿ. ಬೇರೆ ಊರಿನಲ್ಲಿ ಕೆಲಸ ಮಾಡಿ ಆ ವರ್ಷವೇ ಇಲ್ಲಿಗೆ ಬಂದಿದ್ದಳು. ಬೆಟಗೇರಿ ನಿವೃತ್ತರಾಗಿದ್ದರು.

"ನೀವೇ ಅಲ್ವಾ ಪ್ರತಿ ವರ್ಷ ಟ್ರಂಪೆಟ್ ಊದೋರು? ಇಲ್ಲಿನೋರು ಹೇಳಿದ್ರು. ಈ ವರ್ಷ ತಂದಿಲ್ವಾ?"

"ಇನ್ನ ಅದು ಮುಗೀತ್ರಿ ಮೇಡಮ್." ನೀಲವ್ವನ ಮಾತು ಬಾಯಿ ಅರ್ಧವೇ ತೆರೆದು ಬರುತ್ತಿತ್ತು. "ಒಂದ ಮದಿವ್ಯಾಗ ಊದಾಕ ಹತ್ತಿದ್ದೆ, ದವಡಿ ಹಿಡಕೊಂಡ ಬಿಡ್ತು. ಮುಂದ ಬರವಲ್ದು, ಹಿಂದ ಹೋಗವಲ್ದು. ನಿಮ್ಮ ದವಾಖಾನಿಗೇ ಬಂದೆ. ಸ್ಕ್ಯಾನ್ ಮಾಡಿದ್ರು. ಕಿವಿ ಮುಂದ ಒಳಗ ಏನೋ ಬೆಳದೈತಿ, ನೆರಳ ಕಾಣ್ತೈತಿ, ತಗೀಬೇಕು ಅಂದಾರ."

"ಯಾರು ಆಪರೇಷನ್ ಮಾಡ್ತಿರೋದು?"

"ಅರಳಿಕಟ್ಟಿ ಡಾಕ್ಟರು. ಅಲ್ಲಿ ನರ ಭಾಳ ಅದಾವಂತ್ರಿ. ಏನರೆ ಹೆಚ್ಚು ಕಡಿಮಿ ಆದ್ರ ಬಾಯಿ ಸೊಟ್ಟ ಆಗಬಹುದು, ಊದೂದಂತೂ ಆಗಂಗಿಲ್ಲ ಅಂದ್ರು. ಟ್ರಂಪೆಟ್ ಒರಸಿ ಅಟ್ಟದ ಮ್ಯಾಲ ಇಟ್ಟ ಬಂದೀನಿ. ಊದೂದ ಬಿಟ್ರ ನನಗೇನ ಬರ್ತೈತ್ರಿ?"

ಬೆಳೆದದ್ದೂ ಇಲ್ಲ, ಗಂಟೂ ಇಲ್ಲ! ಅದು ನನ್ನ ಎಳೆ, ಅವಳಲ್ಲಿರುವ ನನ್ನದೇ ಮೂರನೆಯ ಎಳೆ! ಜಾಡಿಯೊಳಗೆ ನಾನು ಕೂಗಿಕೊಂಡೆ. ಕೂಗಿದರೇನು, ಫಾರ್ಮಲಿನ್‌ನಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ.

ವಿಶಾಲಾಕ್ಷಿ ಸಮಾಧಾನ ಹೇಳಲು ಅವಳ ಕೈ ಹಿಡಿದುಕೊಂಡಳು. ಸೆರಗು ಜಾರಿತು. ನೀಲವ್ವನ ತುಟಿಯ ನಡುವೆ ಉಂಗುರದ ಗುರುತು.

"ಇದೇನು ಗುರುತು?"

"ಊದಿ ಊದಿ ಬಿದ್ದದ್ದರಿ. ನಮ್ಮಪ್ಪಗೂ ಹಿಂಗ ಇತ್ತು. ಈ ದವಡಿ ಟಕ್ ಅನ್ನೂದೂ ಅವಂದ ಬಳುವಳಿ. ಅವ ಸತ್ತಾಗ ನಾ ಹೇಳಿದ್ನಿರಿ ನಿಮ್ಮ ಬಾಗಲದಾಗ, ಬಲಗಡಿ ನೋಡ್ರಿ ಅಂತ. ನೋಡಿದ್ರೋ ಇಲ್ಲೋ, ಯಾರಿಗ ಕೇಳ್ಲಿ?"

ವಿಶಾಲಾಕ್ಷಿಯ ಕಣ್ಣು ಕಪಾಟಿನ ಮೇಲೆ ಸಾಲಾಗಿ ಹರಿದು ನನ್ನ ಜಾಡಿಯ ಮೇಲೆ ಬಂದು ನಿಂತಿತು. ಚೀಟಿ ನೋಡಿದಳು, ನನ್ನನ್ನು ನೋಡಿದಳು. "ಆಪರೇಷನ್‌ಗೆ ಮುಂಚೆ ನನಗೆ ಒಂದು ಮಾತು ಹೇಳದೆ ಹೋಗಬೇಡಿ" ಎಂದಷ್ಟೇ ಹೇಳಿ ಅವಳನ್ನು ಕಳಿಸಿದಳು.

ಮರುದಿನ ಅರಳಿಕಟ್ಟಿ ಡಾಕ್ಟರನ್ನು ಕರೆತಂದಳು. ಅವನು ಒಳ್ಳೆಯವನೋ ಕೆಟ್ಟವನೋ ನನಗೆ ತಿಳಿಯದು. ಕೈ ಮಾತ್ರ ಸ್ವಚ್ಛವಾಗಿತ್ತು, ಉಗುರನ್ನು ಒತ್ತಿ ಕತ್ತರಿಸಿದ್ದ. ಇಂಥ ಕೈಗಳ ಬಗ್ಗೆ ನನಗೆ ಭಯ ಜಾಸ್ತಿ. ಮೇಜಿನ ಮೇಲೆ ನೀಲವ್ವನ ಸ್ಕ್ಯಾನ್ ಇಟ್ಟು ಪಕ್ಕದಲ್ಲಿ ನನ್ನ ಜಾಡಿ ಇಟ್ಟರು.

"ಮೇಡಂ, ಇದರ ಮೇಲೇ ಎರಡು ಹೆಡ್ ಅಂತ ಬರೆದಿದೆಯಲ್ಲ."

"ಚೀಟಿ ಬಿಡಿ ಸರ್, ಸ್ನಾಯು ನೋಡಿ. ಈ ಮೂರನೇದು ಹೋಗೋ ದಾರಿ, ನಿಮ್ಮ ಸ್ಕ್ಯಾನಿನ ನೆರಳು ಇರೋ ಜಾಗ, ಎರಡೂ ಒಂದೇ."

"ನೀವು ಬಿಡಿಸುವಾಗ ಕೆಳಗಿನ ಹೆಡ್ಡಿಂದ ಹರಿದು ಬಂದ ಎಳೆ ಇರಬಹುದು. ಇದು ಬೇರೆಯಾಗಿ ಹೋಗಿ ಡಿಸ್ಕಿಗೇ ಅಂಟಿದೆ ಅಂತ ತೋರಿಸಿ. ಆಗ ಯೋಚಿಸ್ತೀನಿ. ಗಂಟು ಇದ್ದು ನಾನು ಬಿಟ್ಟುಬಿಟ್ಟರೆ ಆ ಹೆಣ್ಣುಮಗಳ ಜೀವಕ್ಕೇ ಮುಳುವು."

ಅವನು ಹೇಳಿದ್ದು ತಪ್ಪಲ್ಲ, ಅದೇ ನನ್ನ ಸಂಕಟ. ನನ್ನ ಅನುಮಾನಕ್ಕಿಂತ ಅವನ ಅನುಮಾನ ಒಂದು ತೂಕ ಹೆಚ್ಚೇ ಇತ್ತು. ಅವನು ಡಿಸ್ಕ್ ಅಂದ ಆ ಬಿಲ್ಲೆ ಇರುವುದು ಕೀಲಿನ ಹೊದಿಕೆಯೊಳಗೆ. ತೋರಿಸಬೇಕಾದರೆ ಹೊದಿಕೆಯನ್ನು ಕೊಯ್ಯಬೇಕು, ನನ್ನ ಮೇಲಿನ ಎಳೆಯನ್ನು ಕತ್ತರಿಸಿ ಎತ್ತಬೇಕು. ಇಷ್ಟು ವರ್ಷ ಫಾರ್ಮಲಿನ್ ಕುಡಿದು ಸೌದೆಯಾದ ಮೈ ನನ್ನದು. ಅಲಗು ಒಂದು ಕೂದಲೆಳೆ ಜಾರಿದರೂ ಮೂರನೆಯದು ಹರಿಯುತ್ತದೆ. ಹರಿದರೆ, ನೋಡಿ ಮೇಡಂ ಎರಡೇ, ಎನ್ನುತ್ತಾನೆ ಅವನು.

ವಿಶಾಲಾಕ್ಷಿ ನನ್ನನ್ನು ಜಾಡಿಯಿಂದ ತೆಗೆದು ನೀರಲ್ಲಿ ತೊಳೆದಳು. ಅಲಗು ತೆಗೆದುಕೊಂಡಳು. ಜೀವನವೆಲ್ಲ ಯಾವುದಕ್ಕೆ ಹೆದರಿದ್ದೆನೋ ಅದು ಎದುರಿಗೆ ಬಂದಿತ್ತು, ಮತ್ತು ಅದು ಬೇಗ ಬರಲಿ ಎಂದು ನಾನೇ ಕಾಯುತ್ತಿದ್ದೆ. ಕೊಯ್ಯೆ ತಾಯಿ, ಕೊಯ್ಯಿ. ಮೇಲಿನದು ಹೋಗಲಿ, ಕೆಳಗಿನದು ಬೇಕಾದರೂ ಹೋಗಲಿ. ಆ ತೆಳ್ಳನೆಯದೊಂದು ಉಳಿಸು.

ಮೇಲಿನ ಎಳೆ ಹೋಯಿತು. ಹೊದಿಕೆ ಬಿಚ್ಚಿಕೊಂಡಿತು. ಬಿಲ್ಲೆ ಬೆಳಕಿಗೆ ಬಂತು. ಅವಳ ಹಣೆಯ ಬೆವರು ಕನ್ನಡಕದ ಮೇಲೆ ಬಿದ್ದರೂ ಅವಳು ಒರೆಸಿಕೊಳ್ಳಲಿಲ್ಲ. ಮೂರನೆಯ ಎಳೆ ಬುಡದಿಂದ ತುದಿಯವರೆಗೆ ಒಂಟಿಯಾಗಿ ನಿಂತಿತ್ತು.

"ಈಗ ನೀವೇ ಎಳೀರಿ" ಎಂದು ಚಿಮಟವನ್ನು ಅರಳಿಕಟ್ಟಿಯ ಕೈಗೆ ಕೊಟ್ಟಳು.

ಅವನು ಎಳೆಯನ್ನು ಹಿಡಿದು ಮೆಲ್ಲಗೆ ಜಗ್ಗಿದ. ಬಿಲ್ಲೆ ಅಲುಗಿತು. ಇನ್ನೊಮ್ಮೆ ಜಗ್ಗಿದ. ಬಿಲ್ಲೆ ಮುಂದಕ್ಕೆ ಜಾರಿತು. ಮೈಲಾರಪ್ಪ ಸತ್ತು ಎಷ್ಟೋ ವರ್ಷದ ಮೇಲೆ, ಬೇರೆಯವರ ಕೈಯಿಂದಾದರೂ, ನಾನು ನನ್ನ ಕೆಲಸ ಮಾಡಿದೆ.

ಅರಳಿಕಟ್ಟಿ ಸ್ಕ್ಯಾನನ್ನು ಬೆಳಕಿಗೆ ಹಿಡಿದ, ಮತ್ತೆ ನನ್ನ ಕಡೆ ಬಗ್ಗಿದ. "ಬಾಯಿ ಮುಚ್ಚಿ ಒಂದು, ತೆರೆದು ಒಂದು ಸ್ಕ್ಯಾನ್ ಮಾಡಿಸ್ತೀನಿ. ಸ್ನಾಯು ಆಗಿದ್ದರೆ ಬಾಯಿ ತೆರೆದಾಗ ಮೋಟಾಗಿ ದಪ್ಪ ಆಗುತ್ತೆ, ಗಂಟಾದರೆ ಇದ್ದ ಹಾಗೇ ಇರುತ್ತೆ. ಸ್ನಾಯುನೇ ಆದರೆ ಕೊಯ್ಯೋದು ಬೇಕಿಲ್ಲ, ಶಾಖ ಕೊಟ್ಟು ದವಡೆ ಬಿಡಿಸಬಹುದು. ಆಮೇಲೆ ನೋಡೋಣ" ಎಂದು ಹೇಳಿ ಹೋದ.

ನೋಡೋಣ! ಈ ಮಾತನ್ನು ನಂಬಿ ಯಾರಾದರೂ ನಿದ್ದೆ ಮಾಡಬಹುದೇ? ವಿಶಾಲಾಕ್ಷಿ ನನ್ನನ್ನು ಹೊಸ ಜಾಡಿಯಲ್ಲಿ ಕಿಟಕಿಯಿಂದ ದೂರದ ಮೂಲೆಯಲ್ಲಿ ಇಟ್ಟಳು. ಹಳೆಯ ಚೀಟಿ ಕಿತ್ತು, ಮೂರು ಹೆಡ್‌ಗಳು ಎಂದು ಬರೆದು ಅಂಟಿಸಿದಳು. ಆದರೆ ಸ್ಕ್ಯಾನ್ ಏನಾಯಿತು, ಕೊಯ್ದರೋ ಬಿಟ್ಟರೋ, ಒಂದು ಮಾತಿಲ್ಲ. ರೋಗಿಗಳ ಸುದ್ದಿಯನ್ನು ಜಾಡಿಯ ಮುಂದೆ ನಿಂತು ಯಾರು ಹೇಳುತ್ತಾರೆ? ಮತ್ತೆ ಪರೀಕ್ಷೆ ಬಂತು. ಮಕ್ಕಳು ಬಂದರು. ಈಗ ಮೇಲಿನ ಎಳೆಯನ್ನು ಎತ್ತಿಟ್ಟು ಮೂರನೆಯದು ಬಿಡಿಯಾಗಿ ಕಾಣುತ್ತಿದ್ದರೂ ಪುಣ್ಯವಂತರು ಎರಡು ಎಂದೇ ಬರೆದರು. ನಾನು ಬೈಯಲಿಲ್ಲ, ನನಗೆ ನೀಲವ್ವನದೇ ಚಿಂತೆ.

ಸ್ಮರಣೆಯ ದಿನ ಮತ್ತೆ ಬಂತು. ಬಾಗಿಲು ತೆರೆದಾಗ ನೀಲವ್ವ ವಿಶಾಲಾಕ್ಷಿಯ ಜೊತೆ ನೇರವಾಗಿ ನನ್ನ ಮೂಲೆಗೇ ಬಂದಳು. ಹೆಗಲಲ್ಲಿ ಬಟ್ಟೆ ಸುತ್ತಿದ ಟ್ರಂಪೆಟ್ ಇತ್ತು. ಇದ್ದರೇನು? ನೆನಪಿಗೆಂದು ಇಟ್ಟುಹೋಗಲು ತಂದಿರಬಹುದು. ಕೆನ್ನೆಯ ಮೇಲೆ ಗಾಯದ ಗುರುತು ಕಾಣಲಿಲ್ಲ. ಈಗೀಗ ಬಾಯೊಳಗಿನಿಂದಲೇ ಕೊಯ್ಯುತ್ತಾರಂತೆ, ಹೊರಗೆ ಗುರುತು ಎಲ್ಲಿ ಕಾಣಬೇಕು?

"ಮೂರ ಎಳಿ ಇದ್ದವರು ಇವರೇನ್ರಿ?" ಎಂದು ಕೇಳಿದಳು.

"ಹೌದಮ್ಮ. ಹೆಸರು ಮಾತ್ರ ಹೇಳೋ ಹಾಗಿಲ್ಲ."

"ಬ್ಯಾಡ್ರಿ. ನಾ ಹೆಸರ ಕೇಳಲಿಲ್ಲ."

ಅವಳು ಗಾಜಿಗೆ ಅಂಗೈ ಇಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. ಕಣ್ಣೀರು ಒರೆಸಿಕೊಳ್ಳದೆ ನಿಂತಿದ್ದಳು. ವಿಶಾಲಾಕ್ಷಿ ಬೇರೆ ಕಡೆ ನೋಡುತ್ತಿದ್ದಳು. ಅಳು ಯಾತಕ್ಕೂ ಬರುತ್ತದೆ, ಉಳಿದದ್ದಕ್ಕೂ ಹೋದದ್ದಕ್ಕೂ. ಅದರಿಂದ ನನಗೇನೂ ಗೊತ್ತಾಗಲಿಲ್ಲ.

ಆಮೇಲೆ ನೀಲವ್ವ ಬಟ್ಟೆ ಬಿಚ್ಚಿ ಟ್ರಂಪೆಟ್ ಎತ್ತಿದಳು. ತುಟಿಯ ಗುರುತಿನ ಮೇಲೆ ಅದರ ಬಾಯನ್ನು ಕೂರಿಸಿದಳು. ಉಸಿರು ಎಳೆದುಕೊಂಡಳು. ಕೆಳದವಡೆ ಮುಂದೆ ಬರತೊಡಗಿತು. ನಾನು ಸ್ವರಕ್ಕೆ ಕಾಯಲಿಲ್ಲ, ಅದರ ಹಿಂದಿನದಕ್ಕೆ ಕಾಯುತ್ತಿದ್ದೆ.

ಟಕ್.

ಕೊಯ್ದಿಲ್ಲ.